ಸುಣ್ಣದ ಬಂಡೆಯಾಚೆ ಚಹಾ

ನಮ್ಮೂರಿನಲ್ಲಿ ಯಾರಾದರೂ ಹೊತ್ತಲ್ಲದ ಹೊತ್ತಿನಲ್ಲಿ ಸದ್ದು ಮಾಡಿ ಕೆಲಸ ಕೆಡಿಸಿದರೆ 'ಇವನು ಚಹಾ ಮಾಡಬೇಕಾದವನು' ಅನ್ನುತ್ತಾರೆ. ತಾಳಿ ಕಟ್ಟುವ ಗಳಿಗೆಯಲ್ಲಿ ತಾಮ್ರದ ಕೊಡ ಉರುಳಿಸಿದವನು, ಕೂಸು ಮಲಗಿದ ಮೇಲೆ ಬಾಗಿಲು ಬಡಿದವನು, ಎಲ್ಲರೂ ಚಹಾ ಮಾಡಬೇಕಾದವರೇ. ಹೊರಗಿನವರಿಗೆ ಇದು ತಿಳಿಯುವುದಿಲ್ಲ. ಕೆಲವರು ನಿಜವಾಗಿಯೂ ಚಹಾ ಬರುತ್ತದೇನೋ ಎಂದು ಕಾಯುತ್ತಾ ಕೂರುತ್ತಾರೆ. ನಾನು ಮಾತ್ರ ಇಪ್ಪತ್ತೊಂದು ವರ್ಷ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮುಖ ತಗ್ಗಿಸಿ, ಕೈಯಲ್ಲಿದ್ದ ಸ್ಟೋವಿಗೆ ಸುಮ್ಮಸುಮ್ಮನೆ ಪಿನ್ನು ಹಾಕಿದ್ದೇನೆ. ಸ್ಟೋವ್ ರಿಪೇರಿ ನನ್ನ ಕಸುಬು. ಅರ್ಧ ಊರಿನ ಚಹಾ ಕುದಿಯುವುದು ನನ್ನ ಕೈಗುಣದಿಂದ. ನಾನೇ ಮಾಡಬೇಕಾದ ಒಂದು ಚಹಾ ಮಾತ್ರ ಹಾಗೇ ಉಳಿದಿತ್ತು.

ಊರಿನ ಕೊನೆಯ ಮನೆ ದಾಟಿದರೆ ಕಲ್ಲುಗಾಡು. ಮರಳಿಗಿಂತ ಕಲ್ಲೇ ಹೆಚ್ಚು, ರಸ್ತೆ ಅಂತ ಏನೂ ಇಲ್ಲ. ಮೋಟರ್ ಸೈಕಲ್ಲಿನ ಮೇಲೆ ಎರಡು ದಿನ ಹೋದರೆ ಮೂರನೆಯ ದಿನ ಬೆಳಿಗ್ಗೆ ಉದ್ದಕಮರಿ ಸಿಗುತ್ತದೆ. ಎರಡೂ ಕಡೆ ಎತ್ತರದ ಬಂಡೆಗೋಡೆ, ನಡುವೆ ಒಂದು ಎತ್ತಿನ ಗಾಡಿ ನುಗ್ಗುವಷ್ಟು ಜಾಗ. ಅಲ್ಲಿ ಕೂಗಿದರೆ ಮರುದನಿ ತಕ್ಷಣ ಬರುವುದಿಲ್ಲ. ಇಪ್ಪತ್ತೊಂದು ವರ್ಷಕ್ಕೆ, ಅದೇ ದಿನ, ಅದೇ ಹೊತ್ತಿಗೆ ಬರುತ್ತದೆ. ಬರುವುದು ಒಂದೇ ಸಲ. ನಾವು ಅದಕ್ಕೆ ವಾಪಸ್ಸು ಅನ್ನುತ್ತೇವೆ. 'ಈ ವಾರ ನಮ್ಮಪ್ಪನ ವಾಪಸ್ಸು ಐತಿ, ಅಂಗಡಿ ತೆಗೆಯೂದಿಲ್ಲ' ಎಂದರೆ ಗಿರಾಕಿಗಳು ಮರುಮಾತಾಡದೆ ಹೋಗುತ್ತಾರೆ. ಮೊಬೈಲಿನಲ್ಲಿ ಹಿಡಿಯಲು ನೋಡಿದವರಿಗೆ ಬರೀ ಗಾಳಿಯ ಸದ್ದು ಸಿಕ್ಕಿದೆ.

ಗಿರಣಿಯ ಗುರುಲಿಂಗಪ್ಪ ಹರೆಯದಲ್ಲಿ ಅಲ್ಲಿಗೆ ಹೋಗಿ, ಏನೋ ಹೇಳಬೇಕೆಂದು ಬಾಯಿ ತೆರೆದವನು ಸೀನಿಬಿಟ್ಟಿದ್ದ. ಹಿಟ್ಟು ಕುಡಿದ ಮೂಗು, ಅದರದೇನು ತಪ್ಪು. ವಾಪಸ್ಸಿನ ಹೊತ್ತಿಗೆ ಅವನು ತೀರಿಹೋಗಿದ್ದ. ಮನೆಮಂದಿಯೆಲ್ಲ ಹೋಗಿ ನಿಂತಿದ್ದರು. ಸೀನು ಬಂತು. ಎಂಬತ್ತು ದಾಟಿದ ಅವನ ತಾಯಿ ರೂಢಿಯಂತೆ 'ನೂರು ವರ್ಷ ಬಾಳಪ್ಪಾ' ಅಂದುಬಿಟ್ಟಳು. ಆಮೇಲೆ ಮೂರು ದಿನ ಆ ಮನೆಯವರು ಗಿರಣಿ ತೆಗೆಯಲಿಲ್ಲ ಎನ್ನುತ್ತಾರೆ. ಇಂಥವನ್ನೆಲ್ಲ ನೋಡಿ ನೋಡಿ ನಮ್ಮವರು ಅಲ್ಲಿ ಬಾಯಿ ಬಿಡುವ ಮೊದಲು ಹತ್ತು ಸಲ ಯೋಚಿಸುತ್ತಾರೆ.

ಕಮರಿಯ ಬಾಯಿಗೆ ಒಂದು ಮೈಲಿ ಈಚೆಗೆ ಸುಣ್ಣ ಬಳಿದ ಬಂಡೆ ಇದೆ. ಗಾಡಿಯ ಇಂಜಿನ್ ಅಲ್ಲಿ ಬಂದ್ ಮಾಡಬೇಕು. ಮುಂದಕ್ಕೆ ತಳ್ಳಿಕೊಂಡೇ ಹೋಗಬೇಕು, ತಳ್ಳಿಕೊಂಡೇ ಬಂಡೆಯವರೆಗೆ ಬರಬೇಕು. ಸದ್ದು ಒಳಗೆ ಹೊಕ್ಕರೆ ಅದೂ ವಾಪಸ್ಸು ಬರುತ್ತದೆ, ಯಾರದೋ ಮಾತಿನ ಮೇಲೆ ಕೂತು ಬರುತ್ತದೆ. ಹಾಗೆ ಇನ್ನೊಬ್ಬರ ಮಾತು ಮುಚ್ಚಿದವನು ವಾಪಸ್ಸಿನ ದಿನ ತಾನೇ ಹೋಗಿ, ಕೇಳಲು ಬಂದವರಿಗೆಲ್ಲ ಅಲ್ಲಿಯೇ ತನ್ನ ಕೈಯಾರೆ ಚಹಾ ಮಾಡಿ ಕೊಡಬೇಕು. ಅಷ್ಟೇ ಶಿಕ್ಷೆ. ಅವರು ಬೈಯುವ ಹಾಗಿಲ್ಲ, ಬೇಡ ಅನ್ನುವ ಹಾಗೂ ಇಲ್ಲ. ಆ ಕಾರಣಕ್ಕೆ ಸುಣ್ಣದ ಬಂಡೆಯಾಚೆ ಬೇರೆ ಯಾರೂ ಒಲೆ ಹೊತ್ತಿಸುವುದಿಲ್ಲ. ಅಲ್ಲಿ ಸ್ಟೋವು ಕಂಡರೆ ತಪ್ಪು ಯಾರದೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ನಾವು ಮೂವರು. ನಾನು ಬಸಲಿಂಗ, ಗೆಳೆಯರ ಬಾಯಲ್ಲಿ ಬಸ್ಯಾ. ಮೌಲಾಲಿ ಗ್ಯಾರೇಜಿನವನು, ಬೀಗದ ಕೈ ಕಳೆದುಹೋದ ಪೆಟ್ಟಿಗೆಯಿಂದ ಹಿಡಿದು ಲಾರಿಯವರೆಗೆ ಎಲ್ಲವನ್ನೂ ಕಿವಿಗೊಟ್ಟು ಆಲಿಸಿ ರಿಪೇರಿ ಮಾಡುವವನು. ರಾಚಪ್ಪ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಕೂಗುವವನು. ಬೆಳಗಿನಿಂದ ಸಂಜೆಯವರೆಗೆ ಊರುಗಳ ಹೆಸರು ಕೂಗುವುದೇ ಅವನ ನೌಕರಿ. ಮೈಕು ಕೆಟ್ಟ ದಿನವೂ ಯಾರಿಗೂ ಬಸ್ಸು ತಪ್ಪುತ್ತಿರಲಿಲ್ಲ. ಅಷ್ಟು ದೊಡ್ಡ ಗಂಟಲಿನವನು ತನ್ನ ಸ್ವಂತ ಮಾತು ಆಡಬೇಕಾದಾಗ ಮಾತ್ರ ಪಿಸುಗುಡುತ್ತಿದ್ದ. ನನ್ನನ್ನು ಮದುವೆ ಆಗ್ತೀಯಾ ಎಂದು ಶಾಂತವ್ವನನ್ನು ಕೇಳಿದಾಗ ಅವಳು 'ಇನ್ನೊಮ್ಮೆ ಹೇಳ್ರಿ' ಎಂದು ನಾಲ್ಕು ಸಲ ಹೇಳಿಸಿದಳಂತೆ. ಮೊದಲ ಸಲಕ್ಕೇ ಕೇಳಿಸಿತ್ತು ಎಂದು ಆಮೇಲೆ ಒಪ್ಪಿಕೊಂಡಳು.

ಆಗ ನನಗೆ ಇಪ್ಪತ್ತೇಳು. ಮೂವರ ಹತ್ತಿರವೂ ಮೂರನೆಯ ಕೈಗೋ ನಾಲ್ಕನೆಯ ಕೈಗೋ ಬಂದ ಗಾಡಿಗಳು. ವರ್ಷಕ್ಕೊಮ್ಮೆ ಕಲ್ಲುಗಾಡಿಗೆ ಹೋಗಿ ನಾಲ್ಕು ರಾತ್ರಿ ಮಲಗಿ ಬರುವುದು ನಮ್ಮ ಚಟ. ಹಳೆಯ ಟ್ಯೂಬುಗಳಲ್ಲಿ ನೀರು ತುಂಬಿ ಟ್ಯಾಂಕಿನ ಮೇಲೆ ಹಾಕಿಕೊಳ್ಳುತ್ತಿದ್ದೆವು. ಆ ನೀರಿಗೆ ರಬ್ಬರಿನ ರುಚಿ. ಈಗಲೂ ಎಲ್ಲಾದರೂ ಪಂಕ್ಚರ್ ಅಂಗಡಿಯ ಮುಂದೆ ಹಾದರೆ ನನಗೆ ಬಾಯಾರಿಕೆ ಆಗುತ್ತದೆ. ಹಿಂದೆ ಕಟ್ಟಿದ ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಹಾಸಿ ಹೊದೆಯಲು ಒಂದು ತಾಡಪತ್ರಿ. ಕುಲುಕಾಟಕ್ಕೆ ರೊಟ್ಟಿಯೆಲ್ಲ ಪುಡಿಯಾಗಿ, ಸಂಜೆ ಅದನ್ನು ಮುಕ್ಕುವುದೇ ಊಟ. ಅಂಥ ಊಟ ಮತ್ತೆ ಸಿಗಲಿಲ್ಲ ಎಂದು ಮನೆಯಲ್ಲಿ ಅಂದರೆ ಹೆಂಡತಿ ತಟ್ಟೆ ಕಿತ್ತುಕೊಳ್ಳುತ್ತಾಳೆ.

ಆ ವರ್ಷದ ಮೊದಲ ಬಿಡಾರ ಜಾಲಿಮಡುವಿನಲ್ಲಿ. ಒಂದೇ ಒಂದು ಬಿಳಿಜಾಲಿ ಮರ, ಅದರ ಬುಡದಲ್ಲಿ ನೀರಿಲ್ಲದ ಮಡು. ಚುಕ್ಕೆ ಮೂಡುತ್ತಿದ್ದ ಹಾಗೆ ರಾಚ ಅಂಗಾತ ಮಲಗಿ, ಗಂಟಲು ಸರಿಮಾಡಿಕೊಂಡು, ಬಸ್ ಸ್ಟ್ಯಾಂಡಿನ ದನಿ ತೆಗೆದ. 'ಬೆಳ್ಳಿಚುಕ್ಕೆಗೆ ಹೋಗೂ ಗಾಡಿ ಎರಡನೇ ಪ್ಲಾಟ್‌ಫಾರ್ಮಿಗೆ ಬಂದೈತಿ. ಬೀಡಿ ಸೇದೂ ಮಂದಿ ಇಳದು ಸೇದ್ರಿ. ಮೌಲಾಸಾಹೇಬ್ರ, ನಿಮ್ಮ ಗಂಟು ಮ್ಯಾಲ ಹಾಕ್ರಿ.' ಒಂದೊಂದು ಚುಕ್ಕೆಗೂ ಒಂದೊಂದು ಬಸ್ಸು ಬಿಟ್ಟ. ಸಪ್ತರ್ಷಿಗೆ ಎಕ್ಸ್‌ಪ್ರೆಸ್ಸು. ನಕ್ಕೂ ನಕ್ಕೂ ನನ್ನ ಪಕ್ಕೆ ಹಿಡಿದುಕೊಂಡಿತು. ಆ ದನಿ ಇನ್ನು ಎರಡು ಸಂಕ್ರಾಂತಿ ಕೂಡ ಕೇಳುವುದಿಲ್ಲ ಎಂದು ಯಾರಾದರೂ ಹೇಳಿದ್ದರೆ ಅವರಿಗೆ ಹೊಡೆಯುತ್ತಿದ್ದೆ.

ಮರುದಿನ ಹಲ್ಲುಗಲ್ಲಿನ ಇಳಿಜಾರಿನಲ್ಲಿ ನನ್ನ ಗಾಡಿಯ ಸೈಲೆನ್ಸರ್ ಕಲ್ಲಿಗೆ ಬಡಿದು ಕಿತ್ತುಹೋಯಿತು. ಅಲ್ಲಿಂದ ಮುಂದೆ ಅದು ಗಾಡಿಯಲ್ಲ, ನಡೆದಾಡುವ ಕ್ವಾರಿ. ಕಾರ್ಬೊರೇಟರಿನಲ್ಲಿ ದೂಳು ಬೇರೆ. ಅರ್ಧ ಮೈಲಿಗೊಮ್ಮೆ ನಿಲ್ಲುವುದು, ಇಪ್ಪತ್ತು ಸಲ ಕಿಕ್ ಹೊಡೆಯುವುದು. ಸಂಜೆ ಒಡಕಬಂಡೆಯ ಬಿಡಾರಕ್ಕೆ ಮುಟ್ಟುವಾಗ ನನ್ನ ಬಲಗಾಲು ನನ್ನದಾಗಿ ಉಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ರಾಚ ಪಿಸುದನಿಯಲ್ಲಿ 'ಶಾಂತಿಗೆ ಐದು ತಿಂಗಳು' ಅಂದ. ಹುಟ್ಟುವ ಕೂಸಿಗೆ ನಾಲ್ಕು ಮಾತು ಹೇಳಿಬರೋಣ ಎಂದು ಈ ಸಲ ಕಮರಿಗೇ ಹೊರಡಿಸಿದ್ದೆ ಅಂದ. ನಾನು ಹಿಗ್ಗಿನಿಂದ ಮೌಲಾನ ಕಡೆ ತಿರುಗಿದರೆ ಅವನು ಆರಾಮಾಗಿ ಉಳ್ಳಾಗಡ್ಡಿ ಸುಲಿಯುತ್ತಿದ್ದ. 'ನನಗ ಹ್ವಾದ ತಿಂಗಳೇ ಹೇಳ್ಯಾನ' ಅಂದ.

ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಆ ಸಂಜೆ ನನ್ನ ಹೊಟ್ಟೆಯಲ್ಲಿ ಉರಿದದ್ದು ಶುದ್ಧ ಮತ್ಸರ. ನನಗೆ ಮೊದಲು ಯಾಕೆ ಹೇಳಲಿಲ್ಲ? ಒಂದನೇ ಇಯತ್ತೆಯಿಂದ ಒಂದೇ ಬೆಂಚಿನಲ್ಲಿ ಕೂತವನು ನಾನು. ಮೌಲಾ ಸೇರಿದ್ದು ಐದರಲ್ಲಿ. ಹೀಗೆ ಎಣಿಸುತ್ತಾ, ಊಟ ಬೇಡ ಎಂದು ಮುಸುಕೆಳೆದು ಮಲಗಿದೆ. ರಾಚ ಬಂದು ತಾಡಪತ್ರಿಯ ತುದಿಯನ್ನು ನನ್ನ ಕಾಲ ಮೇಲೆ ಎಳೆದು ಹೋದ. ಎಚ್ಚರವಿತ್ತು, ಗೊರಕೆ ಹೊಡೆದಂತೆ ಮಾಡಿದೆ.

ಬೆಳಿಗ್ಗೆ ಸುಣ್ಣದ ಬಂಡೆಯ ಹತ್ತಿರ ಮೌಲಾನ ಗಾಡಿ ಪಂಕ್ಚರ್ ಆಯಿತು. ಅವನು ಅಲ್ಲಿಯೇ ಟೈರು ಬಿಚ್ಚುತ್ತಾ ಕೂತ. ನೆರಳು ಕಮರಿಯ ಬಾಯಲ್ಲಿ ಮಾತ್ರ ಇತ್ತು, ಹಾಗಾಗಿ ನಾನೂ ರಾಚನೂ ಗಾಡಿ ತಳ್ಳಿಕೊಂಡು ಅಲ್ಲಿಗೆ ಹೋದೆವು. 'ಅರ್ಧ ತಾಸು' ಎಂದು ಹೇಳಿ ರಾಚ ಒಳಗೆ ಹೋದ. ಒಂದು ತಾಸಾಯಿತು, ಒಂದೂವರೆ ಆಯಿತು. ಇಣುಕಿ ನೋಡಿದರೆ ದೂರದಲ್ಲಿ ಒಂದು ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದಾನೆ. ಊರಿಗೆಲ್ಲ ಕೂಗುವವನಿಗೆ ತನ್ನ ಕೂಸಿಗೆ ಏನು ಹೇಳಬೇಕೆಂದು ಹೊಳೆಯುತ್ತಿಲ್ಲ. ಬಿಸಿಲು ಏರುತ್ತಿತ್ತು, ಒಂದೇ ಟ್ಯೂಬು ನೀರು ಉಳಿದಿತ್ತು, ನನ್ನ ಗಾಡಿ ಚಾಲೂ ಆಗುತ್ತದೋ ಇಲ್ಲವೋ ಎಂಬ ಚಿಂತೆ. ಚಿಂತೆ ಅನ್ನುವುದು ನಾನು ನನಗೇ ಹೇಳಿಕೊಂಡ ನೆಪ. ನಿಜ ಹೇಳಬೇಕೆಂದರೆ ರಾತ್ರಿಯ ಸಿಟ್ಟು ಇಳಿದಿರಲಿಲ್ಲ. ದೂಳಿಗೆಂದು ಕಿವಿ ಮುಚ್ಚುವಂತೆ ಟವೆಲು ಸುತ್ತಿಕೊಂಡಿದ್ದೆ. ಆಗುತ್ತದೋ ಇಲ್ಲವೋ ನೋಡೋಣ ಎಂದು ಕಿಕ್ ಹೊಡೆದೆ. ಹೊತ್ತಿಕೊಂಡಿತು. ನಿಂತುಹೋದರೆ ಮತ್ತೆ ಕಷ್ಟ ಎಂದು ಆಕ್ಸಿಲರೇಟರ್ ಹಿಡಿದೇ ಇದ್ದೆ. ನಡುವೆ ಒಮ್ಮೆ ನಿಂತಿತು, ಮತ್ತೆ ಕಿಕ್ ಹೊಡೆದೆ. ಸೈಲೆನ್ಸರ್ ಇಲ್ಲದ ಆ ಇಂಜಿನ್ನು ಬಂಡೆಗೋಡೆಗಳ ನಡುವೆ ಹೇಗೆ ಗರ್ಜಿಸಿತೋ, ನನಗೆ ನನ್ನ ಉಸಿರೂ ಕೇಳಿಸುತ್ತಿರಲಿಲ್ಲ.

ರಾಚ ಹೊರಗೆ ಬಂದ. ನನ್ನ ಹೆಗಲ ಮೇಲೆ ಕೈ ಹಾಕಿ, ಹಲ್ಲು ಬಿಟ್ಟು ನಕ್ಕ. 'ನಡಿ, ನಿನ್ನ ಗಾಡಿ ಬಾಯಿ ಬಿಟ್ಟೈತಿ' ಅಂದ. ಅಷ್ಟೇ. ಒಂದು ಬೈಗುಳವಿಲ್ಲ. ಅವನು ಮಾತು ಮುಗಿಸಿದ ಮೇಲೆ ನಾನು ಗಾಡಿ ಹೊತ್ತಿಸಿದೆನೋ, ಹೇಳುತ್ತಿರುವಾಗಲೇ ಹೊತ್ತಿಸಿದೆನೋ ಕೇಳುವ ಧೈರ್ಯ ನನಗಾಗಲಿಲ್ಲ. ಸುಣ್ಣದ ಬಂಡೆಯ ಹತ್ತಿರ ಮೌಲಾ ನನ್ನನ್ನು ಒಮ್ಮೆ ನೋಡಿ, ಟ್ಯೂಬಿಗೆ ಗಾಳಿ ಹೊಡೆಯುವುದನ್ನು ಮುಂದುವರಿಸಿದ.

ನಾಲ್ಕು ತಿಂಗಳಿಗೆ ನೀಲಾ ಹುಟ್ಟಿದಳು. ರಾಚ ಹುಚ್ಚನಂತಾದ. ಬಸ್ ಸ್ಟ್ಯಾಂಡಿನಿಂದ ಬಂದವನೇ ಕೈಕಾಲು ತೊಳೆದು, ಕೂಸನ್ನು ಎತ್ತಿಕೊಂಡು, ಅದರ ಕಿವಿಗೆ ಬಾಯಿಟ್ಟು ಅರ್ಧರ್ಧ ತಾಸು ಏನೋ ಗುಣುಗುಟ್ಟುತ್ತಿದ್ದ. ನಾನೇ ಕಣ್ಣಾರೆ ನೋಡಿದ್ದೇನೆ. 'ಏನ್ ಹೇಳ್ತೀರಿ ಅಷ್ಟು?' ಎಂದು ಶಾಂತವ್ವ ಕೇಳಿದರೆ 'ನಮ್ಮಿಬ್ಬರ ಮಾತು, ನಿನಗ್ಯಾಕ' ಅನ್ನುತ್ತಿದ್ದ. ಕೂಸಿಗೆ ಎಂಟು ತಿಂಗಳಾದಾಗ ಅವನಿಗೆ ಕಾಮಾಲೆ ಆಯಿತು. ಮೂರು ವಾರ. ನಾಲ್ಕನೆಯ ವಾರ ಬಸ್ ಸ್ಟ್ಯಾಂಡಿನಲ್ಲಿ ಬೇರೆ ಯಾರೋ ಬಸ್ಸು ಕೂಗಿದರು. ನಾನು ಆರು ತಿಂಗಳು ಆ ಬೀದಿ ತುಳಿಯಲಿಲ್ಲ.

ತಪ್ಪು ಅಲ್ಲಿಗೇ ನಿಂತಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ನೀಲಾಗೆ ಐದು ವರ್ಷವಿದ್ದಾಗ ಒಂದು ದಿನ 'ಎಲ್ಲಾರಿಗೂ ಅಪ್ಪ ಅದಾನ, ನನಗ್ಯಾಕ ಇಲ್ಲ' ಎಂದು ನನ್ನ ಅಂಗಡಿಯಲ್ಲಿ ಕೂತು ಅತ್ತಳು. ನನಗೆ ತಡೆಯಲಾಗಲಿಲ್ಲ. ನಿಮ್ಮಪ್ಪ ಉದ್ದಕಮರಿಯಲ್ಲಿ ನಿನಗಂತ ಮಾತು ಇಟ್ಟಾನ, ನೀ ದೊಡ್ಡಾಕಿ ಆದ ಮೇಲೆ ಕೇಳೀಯಂತೆ ಅಂದೆ. ಏನು ಮಾತು ಎಂದಳು. 'ನೀಲಾ ಅಂತ ಜೋರಾಗಿ ಕರದಾನ' ಅಂದೆ. ಕಣ್ಣು ಒರೆಸಿಕೊಂಡು ಹೋದಳು. ಹತ್ತು ವರ್ಷದವಳಾದಾಗ ಬಂದು, 'ಕಾಕಾ, ಆಗ ನಾ ಹುಟ್ಟೇ ಇರಲಿಲ್ಲ, ಹೆಸರು ಹೆಂಗ ಕರದ?' ಎಂದು ಹಿಡಿದಳು. ನೀಲಾ ಅಲ್ಲ, ಕೂಸೇ ಅಂದ ಎಂದು ಜಾರಿಕೊಂಡೆ. ಹೀಗೆ ವರ್ಷಕ್ಕೊಂದು ಸೇರಿಸುತ್ತಾ ಹೋದೆ. ಶಾಲೆ ಬಿಡಬೇಡ ಅಂದಾನ, ಅವ್ವನ್ನ ನೋಡಿಕೋ ಅಂದಾನ, ಹೆದರಬ್ಯಾಡ ಅಂದಾನ. ನಾನು ಕಟ್ಟಿದ ಮಾತುಗಳಿಂದಲೇ ಆ ಹುಡುಗಿ ಬೆಳೆದಳು. ನಿಜವಾದ ದನಿಯ ಮೇಲೆ ಮಾತ್ರ ನನ್ನ ಇಂಜಿನ್ನು ಕೂತಿತ್ತು.

ಮೌಲಾ ಒಮ್ಮೆಯೂ ಬಾಯಿ ಬಿಡಲಿಲ್ಲ. ಆದರೆ ವರ್ಷಕ್ಕೊಮ್ಮೆ, ಸರಿಯಾಗಿ ಆ ದಿನ, ಗ್ಯಾರೇಜಿನಿಂದ 'ಬಸ್ಯಾ, ಚಹಾ ಕುಡಸ್ತಿಯೇನಲೇ' ಎಂದು ಕೂಗುತ್ತಿದ್ದ. ನೀಲಾ ಅವನ ಹತ್ತಿರವೇ ಕೆಲಸ ಕಲಿತಳು. ರಾಚನ ಗಾಡಿಯನ್ನು ಮೌಲಾ ಮಾರಗೊಟ್ಟಿರಲಿಲ್ಲ. ಹದಿನೆಂಟಕ್ಕೆ ಅದನ್ನು ಅವಳೇ ಬಿಚ್ಚಿ ಜೋಡಿಸಿ ಓಡಿಸಿದಳು. ಬೀದಿಯ ತಿರುವಿನಲ್ಲಿ ಬರುವ ಗಾಡಿಯ ಸದ್ದು ಕೇಳಿಯೇ ಅದರ ರೋಗ ಹೇಳುವಷ್ಟು ಅವಳ ಕಿವಿ ಪಳಗಿತು. ಮದುವೆಯ ಮಾತು ತೆಗೆದರೆ 'ಅಪ್ಪ ಏನ್ ಹೇಳ್ಯಾನ ಕೇಳೂನು, ಆಮ್ಯಾಲ' ಅನ್ನುತ್ತಿದ್ದಳು. ಎರಡು ಒಳ್ಳೆಯ ಮನೆಗಳು ಹಾಗೇ ಹಿಂದೆ ಹೋದವು. ಶಾಂತವ್ವ ನನ್ನ ಮುಂದೆ ಇದನ್ನು ಹೇಳಿದ ದಿನ ನಾನು ರಿಪೇರಿಯಾದ ಸ್ಟೋವನ್ನೇ ಮತ್ತೆ ಬಿಚ್ಚಿ ಕೂತೆ.

ವಾಪಸ್ಸಿನ ದಿನ ಬಂದೇ ಬಂತು. ನಾನು, ಮೌಲಾ, ನೀಲಾ, ಮೂರು ಗಾಡಿ. ಶಾಂತವ್ವ ಬರಲಿಲ್ಲ. 'ನನ್ನ ಪಾಲಿಂದು ನಾ ಕೇಳೀನಿ ಬಸಣ್ಣಾ. ಅಕಿಗೆ ಕೇಳಸ್ಲಿ' ಎಂದು ರೊಟ್ಟಿಯ ಗಂಟು ಕೈಗಿಟ್ಟಳು. ಅಂಗಡಿಯಲ್ಲಿದ್ದ ಅತ್ಯುತ್ತಮ ಸ್ಟೋವು, ಒಂದು ಪಾತೇಲಿ, ಚಹಾಪುಡಿ, ಸಕ್ಕರೆ, ಹಾಲಿನ ಪುಡಿಯನ್ನು ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದ್ದೆ. ಚೀಲ ಬಿಗಿಯುವಾಗ ಮೌಲಾ ಅದನ್ನು ಮುಟ್ಟಿ ನೋಡಿ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದ.

ನಲವತ್ತೆಂಟರ ಬೆನ್ನಿಗೆ ಕಲ್ಲುಗಾಡು ಬೇರೆಯೇ ತರ ಕಾಣುತ್ತದೆ. ಆಗ ಹಾರಿಸುತ್ತಿದ್ದ ಗುಂಡಿಗಳನ್ನು ಈಗ ಸುತ್ತು ಹಾಕಿದೆ. ಮೌಲಾನ ಮೊಣಕಾಲು ಮಡಚುವುದಿಲ್ಲ, ಅವನು ಒಂದು ಕಾಲು ಚಾಚಿಕೊಂಡೇ ಓಡಿಸಿದ. ಮುಂದೆ ನೀಲಾ, ರಾಚನ ಗಾಡಿಯ ಮೇಲೆ ರಾಚನ ಹಾಗೆಯೇ ಮೊಣಕೈ ಹೊರಗೆ ಚಾಚಿ ಕೂತಿದ್ದಳು. ಯಾರೂ ಕಲಿಸಿದ್ದಲ್ಲ ಅದು. ದೂಳಿನಲ್ಲಿ ಅವಳ ಬೆನ್ನು ನೋಡುತ್ತಾ ಹೋಗುವಾಗ ಎರಡು ಸಲ 'ರಾಚಾ, ನಿಧಾನ' ಎಂದು ಕೂಗಿದೆ. ಜಾಲಿಮಡುವಿನಲ್ಲಿ ಆ ಬಿಳಿಜಾಲಿ ಮರ ಹಾಗೇ ಇತ್ತು, ಒಂದು ಕೊಂಬೆ ಮಾತ್ರ ಮುರಿದಿತ್ತು. ಚುಕ್ಕೆಗಳ ಬಸ್ಸಿನ ಕಥೆ ಹೇಳಿದೆ. ನೀಲಾ ಅಂಗಾತ ಮಲಗಿ ಕೇಳಿದಳು. ಅದೊಂದು ನಾನು ಕಟ್ಟಿದ್ದಲ್ಲವಾದ್ದರಿಂದ ಹೇಳುವಾಗ ಒಮ್ಮೆಯೂ ತಡವರಿಸಲಿಲ್ಲ.

ಎರಡನೆಯ ಸಂಜೆ ಒಡಕಬಂಡೆಯಲ್ಲಿ ಅವಳು ಪುಳ್ಳೆ ಆರಿಸಲು ಹೋದಾಗ ಮೌಲಾ 'ಹೇಳಿಬಿಡಲೇ' ಅಂದ.

'ನೀ ಹೇಳು' ಅಂದೆ.

'ಗಾಡಿ ನಂದಲ್ಲ.'

ಅವಳು ಪುಳ್ಳೆ ತಂದು ಹಾಕಿ, ಕೈ ಜಾಡಿಸಿ, ನನ್ನೆದುರು ಕೂತಳು. 'ಕಾಕಾ, ನಾಳೆ ಒಳಗ ಎಲ್ಲಿ ನಿಂದ್ರಲಿ? ಅಪ್ಪ ಎಲ್ಲಿ ಕುಂತಿದ್ದ?' ಎಂದು ಕೇಳಿದಳು. ಕಲ್ಲು ಎಲ್ಲಿದೆ ಎಂದು ನೆಲದಲ್ಲಿ ಗೆರೆ ಎಳೆದು ತೋರಿಸಿದೆ. ಉಳಿದದ್ದು ಬಾಯಿಗೆ ಬರಲಿಲ್ಲ. ನನ್ನಷ್ಟು ಪುಕ್ಕಲ ಆ ಕಲ್ಲುಗಾಡಿನಲ್ಲಿ ಬೇರೆ ಯಾರೂ ಇರಲಿಲ್ಲ.

ಬೆಳಿಗ್ಗೆ ಸುಣ್ಣದ ಬಂಡೆಯ ಹತ್ತಿರ ಇಂಜಿನ್ ಬಂದ್ ಮಾಡಿ ತಳ್ಳಿದೆವು. ಕಮರಿಯ ಬಾಯಿಗೆ ಮುಟ್ಟಿದಾಗ ಇನ್ನೂ ಮುಕ್ಕಾಲು ತಾಸು ಇತ್ತು. ನೀಲಾ ಮುಖ ತೊಳೆದು, ಗಂಟಿನಿಂದ ಹೊಸ ದುಪಟ್ಟಾ ತೆಗೆದು ಹಾಕಿಕೊಂಡಳು. ಅವಳು ಅದರ ಮಡಿಕೆ ಸರಿಮಾಡುತ್ತಿರುವಾಗ ನಾನು ಚೀಲ ಬಿಚ್ಚಿದೆ. ಸ್ಟೋವು ಇಟ್ಟೆ, ಪಾತೇಲಿ ಇಟ್ಟೆ, ಟ್ಯೂಬಿನಿಂದ ನೀರು ಸುರಿದೆ. ಸದ್ದು ಒಳಗೆ ಹೋಗದಂತೆ, ಪಂಪು ಹೊಡೆಯುವ ಸ್ಟೋವು ಬಿಟ್ಟು ಬತ್ತಿಯ ಸ್ಟೋವನ್ನೇ ತಂದಿದ್ದೆ. ಮೂರು ಕಡ್ಡಿ ಹಾಳಾಗಿ ನಾಲ್ಕನೆಯದಕ್ಕೆ ಬತ್ತಿ ಹತ್ತಿತು.

ನೀಲಾಳ ಕೈ ಮಡಿಕೆಯ ಮೇಲೆಯೇ ನಿಂತಿತು. ಮೊದಲು ಮೌಲಾನನ್ನು ನೋಡಿದಳು. ಅವನು ನೆಲ ನೋಡಿದ.

'ಕಾಕಾ, ಯಾರ ಚಹಾ ಇದು?'

'ನಂದು, ನೀಲಾ.'

ಅವಳು ಬಂದು ಸ್ಟೋವಿನ ಮುಂದೆ ಕೂತಳು. ಆಮೇಲೆ 'ಗಾಡಿ ಎಷ್ಟು ಹೊತ್ತು ಚಾಲೂ ಇತ್ತು?' ಎಂದು ಕೇಳಿದಳು. ಗ್ಯಾರೇಜಿನಲ್ಲಿ ಗಿರಾಕಿಯನ್ನು ಕೇಳುವ ಅದೇ ದನಿ.

'ಅವ ಹೊರಗ ಬರೂತನಕ.'

'ಆ ಸಲ ಸೈಲೆನ್ಸರ್ ಇರಲಿಲ್ಲಂತ ನೀವೇ ಒಮ್ಮೆ ಹೇಳೀರಿ.'

'ಹೌದು.'

'ಮತ್ತ ನನಗ ಇಷ್ಟು ವರ್ಷ ಹೇಳಿದ್ದು? ಶಾಲಿ ಬಿಡಬ್ಯಾಡ ಅಂದದ್ದು, ಹೆದರಬ್ಯಾಡ ಅಂದದ್ದು?'

'ಎಲ್ಲಾ ನಾನೇ ಕಟ್ಟಿದ್ದವಾ. ಅವ ಏನ್ ಅಂದ ನನಗ ಗೊತ್ತಿಲ್ಲ. ನನಗ ಸಿಟ್ಟು ಬಂದಿತ್ತು. ಮೌಲಾಗ ಮೊದಲು ಹೇಳಿದ ಅಂತ.' ಹೇಳುತ್ತಿದ್ದ ಹಾಗೆ ಆ ಕಾರಣ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ನನಗೇ ನಂಬಿಕೆ ಬರಲಿಲ್ಲ.

ಅವಳು ಬೈಯಲಿಲ್ಲ, ಬೈಯುವ ಹಾಗಿಲ್ಲವಲ್ಲ. ಬೈದಿದ್ದರೆ ಸುಖವಾಗಿರುತ್ತಿತ್ತು. ಎದ್ದು ಒಳಗೆ ನಡೆದಳು. ನಾಲ್ಕು ಹೆಜ್ಜೆ ಹೋದವಳು ತಿರುಗದೆಯೇ 'ಬತ್ತಿ ಸಣ್ಣ ಮಾಡಿ ಬರ್ರಿ. ನೀವೂ ಕೇಳಬೇಕು' ಅಂದಳು.

ಆ ಕಲ್ಲಿನ ಹತ್ತಿರ ಮೂವರೂ ನಿಂತೆವು. ಮೌಲಾ ಗಡಿಯಾರ ನೋಡುತ್ತಿದ್ದ. ಗೋಡೆಗಳ ನಡುವಿನ ಆಕಾಶದಲ್ಲಿ ಒಂದು ಹದ್ದು ಇತ್ತು. ಆಮೇಲೆ ಬಂಡೆಯೊಳಗಿನಿಂದ, ಬೆನ್ನ ಹಿಂದೆ ಯಾರೋ ಬಂದು ನಿಂತಷ್ಟು ಹತ್ತಿರದಿಂದ, ಗಂಟಲು ಸರಿಮಾಡಿಕೊಳ್ಳುವ ಸದ್ದು ಬಂತು. ಚುಕ್ಕೆಗಳಿಗೆ ಬಸ್ಸು ಬಿಡುವ ಮೊದಲು ಮಾಡಿಕೊಂಡಿದ್ದನಲ್ಲ, ಅದೇ. ಮೌಲಾ 'ಯಾ ಅಲ್ಲಾ' ಎಂದು ಕಲ್ಲಿಗೆ ಒರಗಿಕೊಂಡ. ನೀಲಾಳ ಕಣ್ಣು ಅಗಲವಾದವು. ಅಷ್ಟರಲ್ಲಿ ನನ್ನ ಗಾಡಿ ಹೊತ್ತಿಕೊಂಡಿತು.

ಆ ಗರ್ಜನೆಯನ್ನು ನಾನು ಹೇಗೆ ಹೇಳಲಿ. ಅದರ ಹಿಂದೆ ಒಂದು ದನಿ ಇದೆ ಎಂದು ಗೊತ್ತಾಗುತ್ತಿತ್ತು. ಏರುತ್ತಿತ್ತು, ಇಳಿಯುತ್ತಿತ್ತು, ಒಂದು ಮಾತೂ ಬಿಡಿಯಾಗಿ ಸಿಗುತ್ತಿರಲಿಲ್ಲ. ನಾನು ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದೆ. ನೀಲಾ ನನ್ನ ಮಣಿಕಟ್ಟು ಹಿಡಿದಳು. ತಲೆ ಒಂದು ಕಡೆಗೆ ವಾಲಿಸಿ ಅವಳು ದನಿಯನ್ನಲ್ಲ, ಇಂಜಿನ್ನನ್ನು ಕೇಳುತ್ತಿದ್ದಳು.

'ಪೆಟ್ರೋಲ್ ಜಾಸ್ತಿ ಕುಡ್ಯಾಕತ್ತೈತಿ' ಅಂದಳು. 'ಪ್ಲಗ್ ತೊಯ್ದೈತಿ. ತಡೀರಿ ಕಾಕಾ. ಇದು ಬಂದ್ ಬೀಳ್ತೈತಿ.'

ಎರಡು ಸಲ ಕೆಮ್ಮಿ ಗಾಡಿ ನಿಂತಿತು.

ಆ ಮೌನದಲ್ಲಿ ರಾಚ ಸ್ವಚ್ಛವಾಗಿ ಕೇಳಿಸಿದ. ಬಸ್ ಸ್ಟ್ಯಾಂಡಿನ ಪೂರಾ ಗಂಟಲು. 'ಬಸ್ಯಾ, ಗಾಡಿ ಬಂದ್ ಮಾಡಲೇ. ನನ್ನ ಕೂಸಿನ ಕೂಡ ಮಾತಾಡಾಕತ್ತೀನಿ.' ಆಮೇಲೆ ನಗು. ಹೊಟ್ಟೆಯಿಂದ ಬರುವ ಅವನ ಆ ದೊಡ್ಡ ನಗು. ಕಿಕ್ಕಿನ ಕಟಕ್ ಕಟಕ್ ಸದ್ದು ಬಂತು, ನಾನು ಒದೆಯುತ್ತಿದ್ದೆ. ಅದರ ನಡುವೆ, ತನ್ನ ಸ್ವಂತ ಮಾತಿಗೆ ಇಟ್ಟುಕೊಂಡಿದ್ದ ಆ ಪಿಸುದನಿಯಲ್ಲಿ, 'ಇರ್ಲಿ ಬಿಡು ಕೂಸಾ. ನೀ ಹುಟ್ಟಿದ ಮ್ಯಾಲ ನಾನೇ ಹೇಳ್ತೀನಿ' ಅಂದ. ಮತ್ತೆ ಇಂಜಿನ್ನು. ಆಮೇಲೆ ಅದೂ ಮುಗಿಯಿತು.

ನಾನು ಅಲ್ಲಿಯೇ ಕುಕ್ಕರಿಸಿ ಅತ್ತೆ. ಅವನು ನನ್ನನ್ನು ಕರೆದಿದ್ದ. ಇಪ್ಪತ್ತೊಂದು ವರ್ಷದ ಹಿಂದೆ ನಗುತ್ತಾ ನನ್ನ ಹೆಸರು ಹಿಡಿದು ಕರೆದಿದ್ದ, ಟವೆಲು ಸುತ್ತಿಕೊಂಡು, ಇಂಜಿನ್ನಿನ ಸದ್ದಿಗೆ ಗುಂಯ್ ಅನ್ನುತ್ತಿದ್ದ ನನ್ನ ಕಿವಿಗೆ ಅದು ಬಿದ್ದಿರಲೇ ಇಲ್ಲ. ನೀಲಾ ಅಪ್ಪನ ಕಲ್ಲಿನ ಮೇಲೆ ಕೂತಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದಳು.

'ಅವ್ವ ಹೇಳ್ತಿರ್ತಾಳಲ್ಲ ಕಾಕಾ, ದಿನಾ ನನ್ನ ಕಿವ್ಯಾಗ ಮಾತಾಡ್ತಿದ್ದ ಅಂತ. ಅದು ಖರೇನಾ, ಅದನ್ನೂ ನೀವೇ ಕಟ್ಟೀರಾ?'

'ಖರೇನವಾ. ನಾ ಕಣ್ಣಾರೆ ನೋಡೀನಿ. ಎಂಟು ತಿಂಗಳು, ಒಂದು ದಿನಾನೂ ತಪ್ಪಸಲಿಲ್ಲ.'

ಮೌಲಾನ ಕಡೆ ನೋಡಿದಳು. ಅವನೂ ತಲೆಯಾಡಿಸಿದ.

'ಹಂಗಾದ್ರ ಹೇಳ್ಯಾನ' ಅಂದಳು. 'ಎಲ್ಲಾ ಹೇಳಿ ಮುಗಿಸ್ಯಾನ. ನನಗ ನೆನಪಿಲ್ಲ, ಅಷ್ಟ.'

ಹೊರಗೆ ಬಂದು ಚಹಾ ಸೋಸಿದೆ. ಹಾಲಿನ ಪುಡಿ ಗಂಟುಗಂಟಾಗಿತ್ತು, ನೀರಿಗೆ ರಬ್ಬರಿನ ವಾಸನೆ. ಸ್ಟೋವಿನ ಕಸುಬುದಾರ ಜನ್ಮದಲ್ಲಿ ಮಾಡಿದ ಅತಿ ಕೆಟ್ಟ ಚಹಾ ಅದು. ಮೌಲಾ ಒಂದು ಗುಟುಕು ಕುಡಿದು ದೂರ ನೋಡಿದ. ನೀಲಾ ನಿಧಾನವಾಗಿ, ತಳದ ಸಕ್ಕರೆಯವರೆಗೆ ಕುಡಿದು ಲೋಟ ಕೆಳಗಿಟ್ಟಳು. 'ಇನ್ನೊಂದು ಸ್ವಲ್ಪ ಹಾಕ್ರಿ' ಅಂದಳು. ಹಾಕಿದೆ. ಅದನ್ನೂ ಕುಡಿದಳು. ಆಮೇಲೆ ಎದ್ದು, ನಮಗೇನೂ ಹೇಳದೆ, ಒಬ್ಬಳೇ ಕಮರಿಯೊಳಗೆ ಹೋದಳು.

ನಾನು ಗಾಡಿಯಿಂದ ಇಪ್ಪತ್ತು ಹೆಜ್ಜೆ ದೂರ ಹೋಗಿ, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಒಳಗಿನಿಂದ ಗಂಟಲು ಸರಿಮಾಡಿಕೊಳ್ಳುವ ಸದ್ದು ಬಂತು. ಇವಳು ಬಸ್ ಸ್ಟ್ಯಾಂಡಿನಲ್ಲಿ ಒಂದು ದಿನವೂ ಕೂಗಿದವಳಲ್ಲ. ಆ ದನಿ ಎಲ್ಲಿ ಅಡಗಿತ್ತೋ.

'ಅಪ್ಪಾ, ಬಸಣ್ಣ ಕಾಕಾ ಗಾಡಿ ಬಂದ್ ಮಾಡ್ಯಾನ. ಈಗ ಹೇಳು.'

ಆಮೇಲೆ ಬಹಳ ಹೊತ್ತು ಅವಳು ಹೊರಗೆ ಬರಲಿಲ್ಲ. ನಾವಿಬ್ಬರೂ ಅಲುಗಾಡಲಿಲ್ಲ, ಮೌಲಾ ಕೆಮ್ಮನ್ನೂ ನುಂಗಿಕೊಂಡ. ಅವಳ ಮಾತು ವಾಪಸ್ಸು ಬರುವಾಗ ನನಗೆ ಅರವತ್ತೊಂಬತ್ತು ಆಗಿರುತ್ತದೆ. ಇದ್ದರೆ ನಡೆದುಕೊಂಡಾದರೂ ಬರುತ್ತೇನೆ. ಅವಳು ಬಂದ ಮೇಲೆ ಮೂವರೂ ಗಾಡಿ ತಳ್ಳಿಕೊಂಡು ಹೊರಟೆವು. ಸುಣ್ಣದ ಬಂಡೆಯ ಹತ್ತಿರ ಅವರಿಬ್ಬರೂ ಕಿಕ್ ಹೊಡೆದರು. ನಾನು ಇನ್ನೂ ಒಂದಿಷ್ಟು ದೂರ ತಳ್ಳಿಕೊಂಡೇ ಹೋದೆ.